ಚಾತುರ್ಮಾಸದಲ್ಲಿ ಒಂದು ಶರ್ಯತ್ತು

2024ರ ಫೆಬ್ರುವರಿ 18, ರವಿವಾರ. ಕಾಗವಾಡ, ಚಿಕ್ಕೋಡಿ, ರಾಯಬಾಗ ಕಡೆಯ ಜೈನ ಮನೆಗಳಿಗೆ ಅವತ್ತು ಬೆಳಗಾಗುವ ಮೊದಲೇ ಸುದ್ದಿ ಮುಟ್ಟಿತ್ತು. ಛತ್ತೀಸಗಡದ ಡೋಂಗರಗಡದಲ್ಲಿ ಆಚಾರ್ಯ ವಿದ್ಯಾಸಾಗರ ಮಹಾರಾಜರು ಸಲ್ಲೇಖನದಿಂದ, ಅಂದರೆ ಅನ್ನ ನೀರು ಬಿಡುತ್ತ ಬರುವ ವ್ರತದಿಂದ, ದೇಹ ಬಿಟ್ಟಿದ್ದರು. ಅವರು ನಮ್ಮ ಭಾಗದವರು. ಸದಲಗಾದ ಮಲ್ಲಪ್ಪ ಅಷ್ಟಗಿಯವರ ಮಗ ವಿದ್ಯಾಧರನಾಗಿ 1946ರಲ್ಲಿ ಹುಟ್ಟಿದವರು, 1968ರಲ್ಲಿ ಅಜಮೇರದಲ್ಲಿ ಮುನಿದೀಕ್ಷೆ ಪಡೆದು, ಅಲ್ಲಿಂದ ಐವತ್ತೈದು ವರ್ಷ ದೇಶದ ಉದ್ದಗಲಕ್ಕೆ ಬರಿಗಾಲಲ್ಲಿ ನಡೆದವರು. ಉಪ್ಪು, ಸಕ್ಕರೆ ಬಿಟ್ಟಿದ್ದರು. ದಿನಕ್ಕೊಂದೇ ಹೊತ್ತು, ನಿಂತು, ಬೊಗಸೆಯಲ್ಲಿ ಹಾಕಿದಷ್ಟು ಉಣ್ಣುತ್ತಿದ್ದರು.

ಅವತ್ತು ನಾನು ಮೀರಜಿನ ತನಕ ಸೈಕಲ್ ಹೊಡೆದು ಬರುವವನಿದ್ದೆ. ಸುದ್ದಿ ಕೇಳಿದ ಮೇಲೆ ಅದೇ ಸೈಕಲ್ಲನ್ನು ಸದಲಗಾದ ಕಡೆ ತಿರುಗಿಸಿದೆ. ಊರ ತುಂಬ ಜನ. ಯಾರೂ ಜೋರಾಗಿ ಅಳುತ್ತಿರಲಿಲ್ಲ. ಸಲ್ಲೇಖನದ ಸಾವಿಗೆ ನಮ್ಮಲ್ಲಿ ಅಳುವುದಿಲ್ಲ. ಬಿಗಿಯಾದ ಸೈಕ್ಲಿಂಗ್ ಬಟ್ಟೆಯ ಮೇಲೆ ಒಂದು ಪಂಚೆ ಸುತ್ತಿಕೊಂಡು ಜೈನ ಬಸ್ತಿಯ ಮೂಲೆಯಲ್ಲಿ ಕುಳಿತು ಣಮೋಕಾರ ಮಂತ್ರ ಹೇಳಿದೆ. ಎಷ್ಟೋ ತಿಂಗಳ ಮೇಲೆ, ಈಜು, ಸೈಕಲ್, ಓಟ ಮೂರನ್ನೂ ಕೂಡಿಸಿದ ನನ್ನ ಆಟ ಟ್ರಯಥ್ಲಾನಿನ ಇತಿಹಾಸ ಓದುವಾಗ ಆ ತಾರೀಖು ಮತ್ತೆ ಕಣ್ಣಿಗೆ ಬಿತ್ತು. ಜಗತ್ತಿನ ಮೊದಲ ಐರನ್‌ಮ್ಯಾನ್ ಸ್ಪರ್ಧೆ ನಡೆದದ್ದು 1978ರ ಫೆಬ್ರುವರಿ 18ರಂದು, ಹವಾಯಿಯ ಓಅಹು ದ್ವೀಪದಲ್ಲಿ. ಜಾನ್ ಕಾಲಿನ್ಸ್ ಎಂಬ ನೌಕಾಪಡೆಯ ಅಧಿಕಾರಿ ಮತ್ತು ಅವರ ಹೆಂಡತಿ ಜೂಡಿ ಶುರು ಮಾಡಿದ್ದು. ಈಜುಗಾರ, ಸೈಕಲಿಗ, ಓಟಗಾರ, ಈ ಮೂವರಲ್ಲಿ ಗಟ್ಟಿಗ ಯಾರು ಎಂಬ ವಾದ ತೀರಿಸಲು 15 ಜನ ಹೊರಟರು, 12 ಜನ ಮುಗಿಸಿದರು. ತಾರೀಖು ಒಂದೇ ಆದದ್ದಕ್ಕೆ ನಾನು ದೊಡ್ಡ ಅರ್ಥ ಹಚ್ಚುವುದಿಲ್ಲ. ಆದರೆ ಆ ವರ್ಷವಿಡೀ ನನ್ನೊಳಗೆ ಜಗಳವಾಡಿದ್ದು ಇವೇ ಎರಡು. ಇನ್ನೂ ದೂರ, ಇನ್ನೂ ವೇಗ ಎನ್ನುವ ಆಟ ಒಂದು ಕಡೆ. ಇನ್ನೂ ಬಿಡು, ಇನ್ನೂ ಕಡಿಮೆ ಮಾಡು ಎನ್ನುವ ಧರ್ಮ ಇನ್ನೊಂದು ಕಡೆ.

ನಾನು ಐನಾಪುರದವನು. ಪತ್ತಿನ ಸಹಕಾರಿ ಸಂಘದಲ್ಲಿ ಕೆಲಸ, ಜೊತೆಗೆ ಅಣ್ಣತಮ್ಮಂದಿರ ಪಾಲಿನ ಕಬ್ಬಿನ ಹೊಲ. ನಮ್ಮೂರಿಗೆ ಪಂದ್ಯ ಹೊಸದಲ್ಲ. ಜನವರಿಯಲ್ಲಿ ಸಿದ್ಧೇಶ್ವರ ಜಾತ್ರೆ ಬಂತೆಂದರೆ ಜೋಡೆತ್ತಿನ ಗಾಡಿ ಶರ್ಯತ್ತು, ಸೈಕಲ್ ಶರ್ಯತ್ತು, ಓಟ, ಕುಸ್ತಿ, ಎಲ್ಲಕ್ಕೂ ಜನ ಮುರಕೊಂಡು ಬೀಳುತ್ತಾರೆ. ಆದರೆ ಮೂರನ್ನು ಒಂದಕ್ಕೊಂದು ಜೋಡಿಸಿ, ನಡುವೆ ಉಸಿರು ತಿರುಗಿಸಿಕೊಳ್ಳದೆ ಮಾಡುವ ಆಟವನ್ನು ನಾನು ಕಂಡದ್ದು ಕೊಲ್ಲಾಪುರ, ಸಾಂಗಲಿಯವರಿಂದ. ಆ ಕಡೆ ಈ ಹವ್ಯಾಸ ಹಿಡಿದ ಡಾಕ್ಟರರು, ವ್ಯಾಪಾರಸ್ಥರು, ಮಾಸ್ತರರು ಬಹಳ ಜನ. ಸಾಂಗಲಿಯ ಡಾಕ್ಟರ್ ಗೆಳೆಯನೊಬ್ಬ ನನ್ನ ರಕ್ತದೊತ್ತಡ ನೋಡಿ ಮೊದಲು ನಡೆಸಿದ, ಆಮೇಲೆ ಓಡಿಸಿದ, ಕೊನೆಗೆ ಕೊಲ್ಲಾಪುರದಲ್ಲಿ ಒಂದು ಹಳೆಯ ರೋಡ್ ಸೈಕಲ್ ಕೊಡಿಸಿ, "ಈಗ ನೀರೊಂದು ಉಳೀತು" ಅಂದ.

ನಮ್ಮ ಕಡೆ ಈಜು ಕಲಿಯುವುದು ಹೊಲದ ಬಾವಿಯಲ್ಲಿ. ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿ ಕಾಕಾನೋ ಅಣ್ಣನೋ ಮೇಲಿಂದ ದೂಡಿಬಿಡುತ್ತಾರೆ. ಮುಳುಗದೆ ಮೇಲೆ ಬಂದರೆ ಈಜು ಬಂತು. ಕೃಷ್ಣಾ ನದಿ ಊರಿಗೆ ಹತ್ತಿರವೇ ಇದ್ದರೂ ಬೇಸಿಗೆಯಲ್ಲಿ ಮೊಸಳೆಯ ಭಯ, ಮಳೆಗಾಲದಲ್ಲಿ ಕೊಯ್ನಾ ಅಣೆಕಟ್ಟಿನಿಂದ ಬಿಡುವ ನೀರಿನ ಸೆಳವು. ಹೀಗಾಗಿ ನನ್ನ ತಯಾರಿಯೆಲ್ಲ ನಮ್ಮ ಹೊಲದ ಬಾವಿಯಲ್ಲೇ ಆಯಿತು. ಕಲ್ಲು ಕಟ್ಟಿದ ದೊಡ್ಡ ಬಾವಿ ಅದು. ಗೋಡೆಯಿಂದ ಗೋಡೆಗೆ ಹತ್ತು ಹನ್ನೆರಡು ಮೀಟರ್. ಹತ್ತು ಮಾರು ಹೊಡೆಯುವಷ್ಟರಲ್ಲಿ ಎದುರು ಗೋಡೆ ಬಂದುಬಿಡುತ್ತದೆ. ಪಾಚಿ ಹಿಡಿದ ಕಲ್ಲಿಗೆ ಕಾಲು ಕೊಟ್ಟು ತಿರುಗಬೇಕು, ಪಂಪಿನ ಪೈಪು ತಪ್ಪಿಸಬೇಕು. ಒಂದು ತಾಸು ಈಜಿದರೆ ಅರ್ಧ ಹೊತ್ತು ತಿರುಗುವುದರಲ್ಲೇ ಹೋಗುತ್ತದೆ. ಆದರೆ ಉಸಿರು ಮತ್ತು ಲೆಕ್ಕ ಎರಡೂ ಕೂಡುವುದು ಅಲ್ಲೇ ಕಲಿತೆ. ನಮ್ಮ ಕಾಯೋತ್ಸರ್ಗದ ಧ್ಯಾನದಲ್ಲಿ ಒಂಬತ್ತು ಸಲ ಣಮೋಕಾರ ಹೇಳುವುದಕ್ಕೆ ಇಪ್ಪತ್ತೇಳು ಉಸಿರು ಎಂದು ಲೆಕ್ಕ. ಒಂದು ಮಂತ್ರಕ್ಕೆ ಮೂರು ಉಸಿರು. ಮುಖ ನೀರಿನಲ್ಲಿ ಇರುವಾಗ ಮನಸ್ಸಿನಲ್ಲೇ ಮಂತ್ರದ ಪಾದ, ಮುಖ ತಿರುಗಿಸಿದಾಗ ಉಸಿರು. ಹೀಗೆ ಮೂರಾದ ಮೇಲೆ ತಲೆ ಎತ್ತಿ ಎದುರು ನೋಡುವುದು. ಸಣ್ಣವನಿದ್ದಾಗ ಬಸ್ತಿಯಲ್ಲಿ ಅಜ್ಜ ಕಲಿಸಿದ ಎಣಿಕೆಗೆ ದೇಹ ತಾನಾಗಿ ಹೊಂದಿಕೊಂಡಿತು.

ಅವ್ವನಿಗೆ ಇದು ಸರಿಬರಲಿಲ್ಲ. ಓಡಿದ್ದಕ್ಕೆ, ಸೈಕಲ್ ಹೊಡೆದದ್ದಕ್ಕೆ ಅವಳ ತಕರಾರು ಇರಲಿಲ್ಲ. ಬಾವಿಯ ಮಾತು ಬೇರೆ.

"ಕುಡಿಯೂ ನೀರ ನಾವು ಅರಿವ್ಯಾಗ ಸೋಸತೀವು. ಅದರಾಗ ಉಳದ ಜೀವ ಸಾಯಬಾರದಂತ ಆ ಅರಿವಿ ತಿರುವಿ ಮತ್ತ ಅದ ಬಾವ್ಯಾಗ ಮೆಲ್ಲಕ ತೊಳಿತೀವು. ಅಂಥಾ ನೀರಾಗ ನೀ ತಾಸಗಟ್ಟಲೆ ಕೈಕಾಲ ಬಡಿತಿ. ಹೊಟ್ಟಿಗಿ ಬೇಕಂತ ಮಾಡಿದ್ದಲ್ಲ, ಬೆಳಿಗಿ ಬೇಕಂತ ಮಾಡಿದ್ದಲ್ಲ. ಯಾಕ ಬೇಕೋ ತಮ್ಮಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆರೋಗ್ಯಕ್ಕೆ ಅಂದರೆ ಅದು ನಡೆದರೂ ಸಿಗುತ್ತದೆ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು.

ಮೇ ತಿಂಗಳಲ್ಲಿ ಮಹಾರಾಷ್ಟ್ರದ ಕಡೆ ಮೊದಲ ಸ್ಪರ್ಧೆ. ಒಲಿಂಪಿಕ್ ದೂರ ಎನ್ನುತ್ತಾರೆ: ಈಜು ಒಂದೂವರೆ ಕಿಲೋಮೀಟರ್, ಸೈಕಲ್ 40, ಓಟ 10. 2000ರ ಸಿಡ್ನಿ ಒಲಿಂಪಿಕ್ಸಿನಲ್ಲಿ ಟ್ರಯಥ್ಲಾನ್ ಸೇರಿದಾಗಿನಿಂದ ಇದೇ ಅಳತೆ. ಈಜು ಚೆನ್ನಾಗಿ ಆಯಿತು, ಸೈಕಲ್ಲೂ ಆಯಿತು. ಓಟದ ನಡುವೆ ಬಿಸಿಲಿಗೆ ಹೊಟ್ಟೆ ತೊಳಸಿ, ಕಣ್ಣಿಗೆ ಕತ್ತಲೆ ಬಂದು ರಸ್ತೆ ಬದಿಯ ಬೇವಿನ ಗಿಡಕ್ಕೆ ಆತುಕೊಂಡು ಕುಳಿತೆ. ಅಲ್ಲಿಂದ ಆಂಬುಲೆನ್ಸಿನಲ್ಲೇ ವಾಪಸು. ದೇಹ ಎರಡೇ ದಿನದಲ್ಲಿ ಸುಧಾರಿಸಿತು, ಮನಸ್ಸು ಸುಧಾರಿಸಲಿಲ್ಲ. ಸೈಕಲ್ಲಿಗೆ ಧೂಳು ಹಿಡಿಯಿತು. ಸಂಘದಲ್ಲಿ ಯಾರಾದರೂ "ಶರ್ಯತ್ತು ಏನಾತ್ರಿ?" ಎಂದು ಕೇಳಿದರೆ ಮೈ ಉರಿಯುತ್ತಿತ್ತು. ಆ ಸಿಟ್ಟು ಎಲ್ಲಿಂದ ಬಂತೆಂದು ನನಗೇ ಅಚ್ಚರಿ. ಇಷ್ಟು ವರ್ಷ ಸಾಮಾಯಿಕದ ಧ್ಯಾನಕ್ಕೆ ಕುಳಿತವನ ಒಳಗೆ ಅಷ್ಟೊಂದು ಬಯಕೆ ಬೆಳೆದು ನಿಂತಿತ್ತು.

ಜುಲೈನಲ್ಲಿ ನದಿಗಳು ತುಂಬಿದವು. ದೂಧಗಂಗಾ, ವೇದಗಂಗಾ, ಕೃಷ್ಣಾ ಮೂರೂ ಉಕ್ಕಿ ಕಲ್ಲೋಳ–ಯಡೂರ ಸೇತುವೆಯ ಹಾಗೆ ತಗ್ಗಿನ ಸೇತುವೆಗಳೆಲ್ಲ ನೀರಿನಡಿ ಹೋದವು. 2005, 2019, 2021ರ ಮಹಾಪೂರ ಕಂಡವರಿಗೆ ನದಿ ಏರಿತೆಂದರೆ ಬೇರೆ ಕೆಲಸ ತೋಚುವುದಿಲ್ಲ; ದಿನಕ್ಕೆ ನಾಲ್ಕು ಸಲ ಹೋಗಿ ನೀರು ಎಲ್ಲಿಗೆ ಬಂತೆಂದು ನೋಡುವುದೇ ಕೆಲಸ. ಅದೇ ಹೊತ್ತಿಗೆ ನಮ್ಮೂರ ಬಸ್ತಿಯಲ್ಲಿ ಒಬ್ಬ ಮುನಿ ಮಹಾರಾಜರ ಚಾತುರ್ಮಾಸ ಕೂಡಿಬಂತು. ಮಳೆಗಾಲದಲ್ಲಿ ನೆಲದ ತುಂಬ ಜೀವ ಹುಟ್ಟುತ್ತದೆ. ಕಾಲಡಿ ಸಾಯಬಾರದೆಂದು ಮುನಿಗಳು ನಾಲ್ಕು ತಿಂಗಳು ನಡಿಗೆ ನಿಲ್ಲಿಸಿ ಒಂದೇ ಊರಲ್ಲಿ ಇರುತ್ತಾರೆ. ಉಳಿದ ಎಂಟು ತಿಂಗಳು ನಡೆಯುವವರು. ಆಚಾರ್ಯ ಶಾಂತಿಸಾಗರರು, ಶೇಡಬಾಳದ ಆಚಾರ್ಯ ವಿದ್ಯಾನಂದರು, ಸದಲಗಾದ ವಿದ್ಯಾಸಾಗರರು, ಎಲ್ಲರೂ ಈ ಕೃಷ್ಣಾ–ದೂಧಗಂಗಾ ತೀರದಿಂದಲೇ ಎದ್ದು ಹೋದ ಮಹಾ ನಡಿಗೆಕಾರರು. ನಮ್ಮ ನೆಲಕ್ಕೆ ದೂರ ಹೋಗುವ ಕಾಲುಗಳು ಮೊದಲಿನಿಂದಲೂ ಗೊತ್ತು. ಆದರೆ ಆ ಕಾಲುಗಳಿಗೆ ಯಾವಾಗ ನಿಲ್ಲಬೇಕೆಂಬುದೂ ಗೊತ್ತಿತ್ತು.

ಮಹಾರಾಜರು ಸಂಜೆ ಹೊತ್ತು ಸಮಂತಭದ್ರರ ರತ್ನಕರಂಡ ಶ್ರಾವಕಾಚಾರ ಹೇಳುತ್ತಿದ್ದರು. ಅದು ಮನೆವಾರ್ತೆಯವರಿಗೆಂದೇ ಬರೆದ ಗ್ರಂಥ. ಒಂದು ದಿನ ಅನರ್ಥದಂಡದ ಪ್ರಕರಣ ಬಂತು. ಪ್ರಯೋಜನವಿಲ್ಲದೆ ಜೀವಕ್ಕೆ ಕೊಡುವ ನೋವು ಯಾವುವೆಂದು ಅಲ್ಲಿ ಹೇಳಿದೆ. ಸುಮ್ಮನೆ ನೆಲ ಅಗಿಯುವುದು, ಸುಮ್ಮನೆ ನೀರು ಕಲಕುವುದು, ಬೆಂಕಿ ಹಚ್ಚುವುದು, ಗಿಡ ಕಡಿಯುವುದು. ಕೊನೆಗೆ ಕಾರಣವಿಲ್ಲದೆ ತಾನು ತಿರುಗಾಡುವುದು, ಬೇರೆಯವರನ್ನು ತಿರುಗಾಡಿಸುವುದು. ಕಂಬಕ್ಕೆ ಆತು ಕುಳಿತಿದ್ದವನು ಸೆಟೆದು ಕುಳಿತೆ. ನೀರು ಕಲಕುವುದು, ತಿರುಗಾಡುವುದು: ಒಂದೂವರೆ ಸಾವಿರ ವರ್ಷದ ಆಸುಪಾಸಿನ ಹಿಂದೆ ಬರೆದ ಸಾಲಿನಲ್ಲಿ ನನ್ನ ಆಟದ ಹೆಸರೇ ಇದ್ದ ಹಾಗಿತ್ತು. ಹೆಣ್ಣುಮಕ್ಕಳ ಸಾಲಿನಲ್ಲಿ ಕುಳಿತಿದ್ದ ಅವ್ವ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡದೆ ಇದ್ದದ್ದೇ ನನಗೆ ತಾಗಿತು.

ಆ ವಾರ ನಮ್ಮ ಮನೆಯಲ್ಲಿ ಮಹಾರಾಜರ ಆಹಾರ. ಯಾರ ಮನೆಗೆ ಬರುತ್ತಾರೆಂದು ಮೊದಲೇ ಹೇಳುವುದಿಲ್ಲ. ಮನಸ್ಸಿನಲ್ಲಿ ಒಂದು ಗುರುತು ನೆನೆದು ಹೊರಡುತ್ತಾರೆ. ಆ ಗುರುತು ಯಾವ ಬಾಗಿಲಲ್ಲಿ ಕಂಡೀತೋ ಅಲ್ಲಿ ನಿಲ್ಲುತ್ತಾರೆ. ಅವ್ವ, ನನ್ನ ಹೆಂಡತಿ, ನಾನು ಮಡಿಯುಟ್ಟು ಕಲಶ, ತೆಂಗಿನಕಾಯಿ ಹಿಡಿದು ಬಾಗಿಲಲ್ಲಿ ನಿಂತು "ನಮೋಸ್ತು, ನಮೋಸ್ತು" ಎಂದು ಕರೆದೆವು. ಮಹಾರಾಜರು ನಿಂತರು. ಮೂರು ಸುತ್ತು ಬಂದು ಒಳಗೆ ಕರೆದುಕೊಂಡು ಹೋಗಿ, ಪಾದ ತೊಳೆದು, ಮನ ಶುದ್ಧಿ, ವಚನ ಶುದ್ಧಿ, ಕಾಯ ಶುದ್ಧಿ ಹೇಳಿದ ಮೇಲೆ ಅವರು ಗೋಡೆಗೂ ಆತುಕೊಳ್ಳದೆ ನೆಟ್ಟಗೆ ನಿಂತು ಬೊಗಸೆ ಒಡ್ಡಿದರು. ಮೊದಲು ಬಿಸಿನೀರು. ಆಮೇಲೆ ಜೋಳದ ರೊಟ್ಟಿಯ ತುಣುಕು, ಹೆಸರುಬೇಳೆ. ನಾಲ್ಕನೆಯದೋ ಐದನೆಯದೋ ತುತ್ತು ಅವರ ಕೈಯಲ್ಲಿತ್ತು. ಹೆಬ್ಬೆರಳಿನಿಂದ ಮೆಲ್ಲಗೆ ಬಿಡಿಸಿ ನೋಡಿದರು. ಒಂದು ಕೂದಲು.

ಅಷ್ಟೇ. ಬೊಗಸೆ ಬಿಚ್ಚಿದರು. ತುತ್ತು ಕೆಳಗಿನ ಪಾತ್ರೆಗೆ ಬಿತ್ತು. ಹೀಗೆ ಅಂತರಾಯ, ಅಂದರೆ ಊಟಕ್ಕೆ ಅಡ್ಡಿ, ಆದ ಮೇಲೆ ಅವತ್ತಿನ ಊಟ ಮುಗಿದಂತೆ. ಮರುದಿನದ ತನಕ ಒಂದು ಗುಟುಕು ನೀರೂ ಇಲ್ಲ. ಹಿಂದಿನ ದಿನ ಅವರದು ಉಪವಾಸ ಬೇರೆ. ನನ್ನ ಹೆಂಡತಿಯ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಮಹಾರಾಜರು ಕೈ ತೊಳೆದು, ಕಮಂಡಲು, ನವಿಲುಗರಿಯ ಪಿಂಛಿ ತೆಗೆದುಕೊಂಡು, ಬಂದಾಗ ಮುಖ ಹೇಗಿತ್ತೋ ಹಾಗೇ ಹೊರಟರು. ಬಾಗಿಲ ಹತ್ತಿರ ಅವಳಿಗೆ "ದುಃಖ ಮಾಡಬೇಡಮ್ಮಾ, ನೀವು ಕೊಟ್ಟಿದ್ದೀರಿ, ನನಗೆ ಬಂದಿದೆ" ಎಂದರು.

ನಾನು ಮಾತ್ರ ಆ ಮುಖವನ್ನು ದಿನವೆಲ್ಲ ನೆನೆಸಿದೆ. ಹಸಿದ ಮನುಷ್ಯನ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಆದರೂ ಅವರೊಳಗೆ ಏನೂ ಮುರಿಯಲಿಲ್ಲ. ನನಗೆ ನಾಲ್ಕು ಕಿಲೋಮೀಟರ್ ಓಟ ಉಳಿದುಹೋದದ್ದಕ್ಕೆ ತಿಂಗಳುಗಟ್ಟಲೆ ನಿದ್ದೆ ಕೆಟ್ಟಿತ್ತು.

ಮರುದಿನ ಬಸ್ತಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಗೋವಾದ ಅರ್ಧ ಐರನ್‌ಮ್ಯಾನ್ ಸ್ಪರ್ಧೆಗೆ ಹೆಸರು ಕೊಟ್ಟಿದ್ದೇನೆ, ಅಕ್ಟೋಬರ್ 27ಕ್ಕೆ ಇದೆ, ಈಜು 1.9 ಕಿಲೋಮೀಟರ್, ಸೈಕಲ್ 90, ಓಟ 21.1, ಇದು ಅನರ್ಥದಂಡವಾದರೆ ಬಿಟ್ಟುಬಿಡುತ್ತೇನೆ ಎಂದೆ. ಅವರು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. "ಇದಕ್ಕಿಂತ ದೊಡ್ಡದು ಇದೆಯೇನು?" ಎಂದು ಕೇಳಿದರು. ಇದೆ ಎಂದೆ. ಪೂರ್ಣ ಐರನ್‌ಮ್ಯಾನ್ ಎಂದರೆ 3.8 ಕಿಲೋಮೀಟರ್ ಈಜು, 180 ಸೈಕಲ್, 42.2 ಓಟ. "ಅದಕ್ಕಿಂತ ದೊಡ್ಡದು?" ಅದೂ ಇದೆ. ಅಲ್ಟ್ರಾಮ್ಯಾನ್ ಎಂಬುದು ಮೂರು ದಿನದ್ದು. ನಮ್ಮ ಬೆಂಗಳೂರಿನ ಅನು ವೈದ್ಯನಾಥನ್ 2009ರಲ್ಲಿ ಕೆನಡಾದಲ್ಲಿ ಅದನ್ನು ಮುಗಿಸಿದ್ದಾರೆ ಎಂದೆ. ಮಹಾರಾಜರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ದಿಗ್ವ್ರತದ ಮಾತು ತೆಗೆದರು. ಇಂಥ ಸಮುದ್ರ, ಇಂಥ ನದಿ, ಇಂಥ ಬೆಟ್ಟ, ಇಷ್ಟು ಯೋಜನ, ಇದರಾಚೆ ನಾನು ಹೋಗುವುದಿಲ್ಲ ಎಂದು ಗೃಹಸ್ಥ ತನಗೆ ತಾನೇ ಹಾಕಿಕೊಳ್ಳುವ ಗಡಿ ಅದು. ಒಮ್ಮೆ ಹಾಕಿಕೊಂಡರೆ ಬದುಕಿರುವ ತನಕ. "ನಿಮ್ಮ ಆಟಕ್ಕೆ ಗಡಿ ಎಲ್ಲಿದೆ, ನೋಡಿಕೊಂಡು ಬನ್ನಿ" ಎಂದು ಕಳಿಸಿದರು.

ಆ ಮಾತು ತಲೆಯಲ್ಲಿಟ್ಟುಕೊಂಡು ಒಂದು ದಿನ ಕುಂಭೋಜದ ಬಾಹುಬಲಿ ಬೆಟ್ಟದ ತನಕ ಸೈಕಲ್ ಹೊಡೆದೆ. ಅಲ್ಲಿ 28 ಅಡಿಯ ಅಮೃತಶಿಲೆಯ ಬಾಹುಬಲಿ ನಿಂತಿದ್ದಾನೆ. ಸಣ್ಣಂದಿನಿಂದ ನೋಡಿದ ಮೂರ್ತಿಯೇ. ಆದರೆ ಬೆವರಿನಲ್ಲಿ ತೊಯ್ದು ಮೆಟ್ಟಿಲ ಮೇಲೆ ಕುಳಿತಾಗ ಕತೆ ಬೇರೆಯಾಗಿ ಕಂಡಿತು. ಪಂಪ 941ರಲ್ಲಿ ಬರೆದ ಆದಿಪುರಾಣದಲ್ಲೂ ಅದೇ ಕತೆ. ಸೈನ್ಯ ಸಾಯುವುದು ಬೇಡ, ನೀವಿಬ್ಬರೇ ಗೆಲುವು ಸೋಲು ನಿರ್ಧರಿಸಿಕೊಳ್ಳಿ ಎಂದು ಮಂತ್ರಿಗಳು ಭರತ ಬಾಹುಬಲಿಯರಿಗೆ ಮೂರು ಸ್ಪರ್ಧೆ ಇಟ್ಟರು: ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಒಂದಾದ ಮೇಲೆ ಒಂದು, ನಡುವಿನದು ನೀರಿನಲ್ಲಿ. ಮೂರನ್ನೂ ಬಾಹುಬಲಿಯೇ ಗೆದ್ದ. ಅಣ್ಣನನ್ನು ಮೇಲೆತ್ತಿದ್ದ ಆ ಕೈಯಲ್ಲಿ ಇಡೀ ರಾಜ್ಯ ಇತ್ತು. ಅಲ್ಲೇ ನಿಲ್ಲಿಸಿದ. ಸೋತು ಬಿಟ್ಟವರ ಕತೆ ಲೋಕದಲ್ಲಿ ಬೇಕಾದಷ್ಟಿದೆ. ಗೆಲ್ಲುವ ಬಲವಿದ್ದೂ, ಗೆದ್ದೂ, ಇನ್ನು ಸಾಕು ಎಂದವನ ಕತೆ ನನಗೆ ಗೊತ್ತಿರುವುದು ಇದೊಂದೇ. ಹಾಗೆ ಬಿಟ್ಟು ವರ್ಷವಿಡೀ ನಿಂತವನ ಮನಸ್ಸಿನಲ್ಲೂ, ಭರತನ ನೆಲದ ಮೇಲೆ ನಿಂತಿದ್ದೇನಲ್ಲ ಎಂಬ ಮುಳ್ಳು ಉಳಿದಿತ್ತೆಂದು ನಮ್ಮ ಹಿರಿಯರು ಹೇಳುತ್ತಾರೆ. ಬಿಡುವುದು ಬಾಹುಬಲಿಗೂ ಒಂದೇ ಏಟಿಗೆ ಆಗಲಿಲ್ಲ.

ವಾಪಸು ಬಂದು ಎರಡು ನಿಯಮ ತೆಗೆದುಕೊಂಡೆ. 1.9, 90, 21.1, ಇದೇ ನನ್ನ ಗಡಿ. ಪೂರ್ಣ ಐರನ್‌ಮ್ಯಾನಿಗೆ ಈ ಜನ್ಮದಲ್ಲಿ ಹೋಗುವುದಿಲ್ಲ. ಎರಡನೆಯದು, ಚಾತುರ್ಮಾಸ ಮುಗಿಯುವ ತನಕ ರಾತ್ರಿ ಊಟವಿಲ್ಲ. ಸೂರ್ಯ ಮುಳುಗಿದ ಮೇಲೆ ಸೂರ್ಯ ಹುಟ್ಟುವ ತನಕ ಏನೂ ತಿನ್ನುವುದಿಲ್ಲ. ನೀರಿಗೆ ಮಾತ್ರ ವಿನಾಯಿತಿ ಕೇಳಿದೆ, ಮಹಾರಾಜರು ಒಪ್ಪಿದರು. ಸ್ಪರ್ಧೆ ಚೆನ್ನಾಗಿ ಆಗಲಿ ಎಂದು ಆಶೀರ್ವಾದ ಬೇಡಿದೆ. ಪಿಂಛಿ ಎತ್ತಿ "ಸದ್ಧರ್ಮ ವೃದ್ಧಿರಸ್ತು" ಎಂದರು. ಪರೀಕ್ಷೆಗೆ ಹೊರಟ ಹುಡುಗನಿಗೂ, ಕಾಯಿಲೆಯವರಿಗೂ, ಮದುವೆ ಕಾಗದ ಹಿಡಿದು ಬಂದವರಿಗೂ ಅದೇ ಆಶೀರ್ವಾದ. ನಮ್ಮ ಜಿನರು ಬೇಡಿದ್ದನ್ನು ಕೊಡುವವರಲ್ಲ. ರಾಗವಿಲ್ಲದವರು ಯಾರಿಗೆ ಏನು ಕೊಟ್ಟಾರು? ಅಮೆರಿಕದ ಸ್ಪೋಕೇನ್ ಊರಿನ ಸಿಸ್ಟರ್ ಮಡೋನಾ ಬುಡರ್ ಎಂಬ ಸನ್ಯಾಸಿನಿಯ ಬಗ್ಗೆ ಡಾಕ್ಟರ್ ಗೆಳೆಯ ನನಗೆ ಬಹಳ ಹೇಳುತ್ತಿದ್ದ. ನಡುವಯಸ್ಸಿನಲ್ಲಿ ಒಬ್ಬ ಪಾದ್ರಿಯ ಮಾತು ಕೇಳಿ ಓಟ ಶುರು ಮಾಡಿದವರು, 2012ರಲ್ಲಿ ತಮ್ಮ 82ನೇ ವಯಸ್ಸಿನಲ್ಲಿ ಕೆನಡಾದ ಐರನ್‌ಮ್ಯಾನ್ ಮುಗಿಸಿದರು. ಓಡುತ್ತಲೇ ಪ್ರಾರ್ಥನೆ ಮಾಡುವ ಆ ತಾಯಿಯ ಬಗ್ಗೆ ನನಗೆ ತುಂಬ ಗೌರವ. ಅವರಿಗೆ ಕೈಹಿಡಿಯುವ ದೇವರಿದ್ದಾನೆ. ನನ್ನ ಧರ್ಮದಲ್ಲಿ ಕಾಲಿಗೆ ಬಲ ಹಾಕುವವರು ಯಾರೂ ಇಲ್ಲ. ಅದು ನನಗೆ ಕೊಟ್ಟದ್ದು ಒಂದು ಗೆರೆ. ಆ ಗೆರೆ ಬಿದ್ದ ದಿನದಿಂದ ನಿದ್ದೆ ಬಂತು.

ಡಾಕ್ಟರ್ ಗೆಳೆಯನಿಗೆ ಚಿಂತೆ ಹತ್ತಿತು. ಇಂಥ ಸ್ಪರ್ಧೆಯ ದಿನ ಈಜಿಗೆ ಮೂರು ತಾಸು ಮೊದಲೇ ಗಟ್ಟಿ ತಿಂಡಿ ತಿನ್ನಬೇಕು. ಅಂದರೆ ನಸುಕಿನ ನಾಲ್ಕಕ್ಕೆ. ನನಗೆ ಅದು ಆಗುವಂತಿಲ್ಲ. ಅವನೇ ಓದಿ ದಾರಿ ಹುಡುಕಿದ. ರಾತ್ರಿಯ ಉಪವಾಸದಲ್ಲಿ ಖಾಲಿಯಾಗುವುದು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ. ಸ್ನಾಯುಗಳಲ್ಲಿ ಇರುವುದು ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಹಾಗಾಗಿ ಎರಡು ದಿನ ಮೊದಲಿನಿಂದ ಹಗಲಲ್ಲೇ ಅನ್ನ, ರೊಟ್ಟಿ, ಬಾಳೆಹಣ್ಣು ಹೊಟ್ಟೆ ತುಂಬ ತಿನ್ನುವುದು. ಸೂರ್ಯ ಹುಟ್ಟಿದ ಕೂಡಲೇ ಬೇಗ ಅರಗುವಂಥದ್ದು ಸ್ವಲ್ಪ. ಅಂಗಡಿಯ ಜೆಲ್‌ಗಳಲ್ಲಿ ಕೆಲವಕ್ಕೆ ಜೇನು ಹಾಕಿರುತ್ತಾರೆ, ನಮಗೆ ಅದು ನಡೆಯುವುದಿಲ್ಲ. ಗಾಣದ ಮನೆಯಿಂದ ಕಾಕವಿ ತಂದು ಸಣ್ಣ ಬಾಟಲಿಗೆ ತುಂಬಿದೆ. ಬೆಲ್ಲ ಗಟ್ಟಿಯಾಗುವ ಮೊದಲಿನ ಪಾಕ ಅದು. ಜೊತೆಗೆ ಶೇಂಗಾ ಚಿಕ್ಕಿ, ಉಪ್ಪು ಹಾಕಿದ ಲಿಂಬೆ ನೀರು. ಸೆಪ್ಟೆಂಬರಿನಲ್ಲಿ ತವನಿಧಿ ಘಾಟಿನ ಏರನ್ನು ಹತ್ತಿ ಇಳಿದು ಹತ್ತಿ, ಕೆಳಗೆ ಪಾರ್ಶ್ವನಾಥರ ಬಸ್ತಿಯಲ್ಲಿ ಕುಳಿತು ಈ ಕಾಕವಿ ಹೊಟ್ಟೆಗೆ ಒಗ್ಗುತ್ತದೆಯೇ ಎಂದು ನೋಡಿಕೊಂಡೆ. ಒಗ್ಗಿತು.

ಸೆಪ್ಟೆಂಬರ್ 8ರಿಂದ 17ರ ತನಕ ದಶಲಕ್ಷಣ ಪರ್ವ. ಆ ಹತ್ತು ದಿನ ಸೈಕಲ್ ಮುಟ್ಟಲಿಲ್ಲ, ಬಾವಿಗೆ ಇಳಿಯಲಿಲ್ಲ. ದಿನಕ್ಕೊಂದು ಊಟ, ಅನಂತ ಚತುರ್ದಶಿಗೆ ನಿರಾಹಾರ. ಸ್ಪರ್ಧೆಗೆ ಆರು ವಾರ ಇರುವಾಗ ಹೀಗೆ ಕೈಬಿಟ್ಟರೆ ಮಾಡಿದ ಸಾಧನೆ ಕರಗುತ್ತದೆ ಎಂದು ಗೆಳೆಯ ಫೋನಿನಲ್ಲಿ ಬೇಜಾರು ಮಾಡಿಕೊಂಡ. ಕರಗಿದ್ದು ಇರಬಹುದು. ಪರ್ವ ಮುಗಿದ ಮೇಲೆ ಕ್ಷಮಾವಣಿಯ ದಿನ ಎಲ್ಲರೂ ಒಬ್ಬರಿಗೊಬ್ಬರು ಉತ್ತಮ ಕ್ಷಮಾ ಹೇಳುವಾಗ ಅವ್ವನ ಕಾಲು ಮುಟ್ಟಿದೆ. ಅವಳು "ಬಾವ್ಯಾಗ ಹೊತ್ತ ಏರಿದ ಮ್ಯಾಲೆ ಇಳಿ. ಕತ್ತಲಾಗ ಹೋಗಬ್ಯಾಡ" ಎಂದಳು. ಒಪ್ಪಿಗೆ ಕೊಟ್ಟಳೋ, ಮಗನ ಜೀವದ ಕಾಳಜಿ ಹೇಳಿದಳೋ, ನಾನು ಕೇಳಲಿಲ್ಲ.

ಪಣಜಿಯಲ್ಲಿ ಸ್ಪರ್ಧೆಯ ನಸುಕು. ಉಳಿದುಕೊಂಡಿದ್ದ ಕಡೆ ಎಲ್ಲ ಕೋಣೆಗಳಲ್ಲೂ ದೀಪ. ಬ್ರೆಡ್ಡು, ಬಾಳೆಹಣ್ಣು, ಕಾಫಿಯ ವಾಸನೆ. ನಾನು ನೀರು ಕುಡಿದು, ಸಾಮಾಯಿಕಕ್ಕೆ ಕುಳಿತೆ. ಮೀರಾಮಾರ ಬೀಚಿನಲ್ಲಿ ಸಾವಿರಕ್ಕೆ ಹತ್ತಿರ ಜನ ಟೋಪಿ, ಕನ್ನಡಕ ಹಾಕಿಕೊಂಡು ನಿಂತಿದ್ದರು. ಹಿಂದೆ ಊರಿನ ಮೇಲೆ ಸೂರ್ಯ ಕಂಡ ಕೂಡಲೇ ಒಂದು ಬಾಳೆಹಣ್ಣು, ಎರಡು ಗುಟುಕು ಕಾಕವಿ. ಸ್ವಲ್ಪ ಹೊತ್ತಿಗೆ ನನ್ನ ಸಾಲು ನೀರಿಗಿಳಿಯಿತು.

ಬಾವಿಯವನಿಗೆ ಸಮುದ್ರದಲ್ಲಿ ಮೊದಲು ಅನಿಸುವುದು ಗೋಡೆ ಇಲ್ಲ ಎಂಬುದು. ಹತ್ತು ಮಾರಿಗೊಮ್ಮೆ ತಿರುಗಲು ಒಗ್ಗಿದ ಮೈ ಗೋಡೆಗೆ ಕಾಯುತ್ತದೆ, ಗೋಡೆ ಬರುವುದೇ ಇಲ್ಲ. ಪಕ್ಕದವರ ಕಾಲು ಮುಖಕ್ಕೆ ಬಡಿಯಿತು, ಉಪ್ಪುನೀರು ಬಾಯಿಗೆ ಹೋಯಿತು, ಎದೆ ಹೊಡೆದುಕೊಂಡಿತು. ಎಣಿಕೆ ಹಿಡಿದೆ. ಪಾದ, ಉಸಿರು. ಪಾದ, ಉಸಿರು. ಮೂರು ಉಸಿರಿಗೆ ತಲೆ ಎತ್ತಿ ತೇಲುವ ಗುರುತು ನೋಡುವುದು. ಅರಿಹಂತರಿಂದ ಸಾಧುಗಳ ತನಕ ಐವರಿಗೆ ನಮಸ್ಕಾರ, ಒಂದು ಗುರುತು ಹತ್ತಿರ. ಅವ್ವನ ಮಾತು ಅಲ್ಲೂ ಬಂತು. ಇದು ಜೀವ ತುಂಬಿದ ನೀರು, ನಾನು ಕಲಕುತ್ತಿದ್ದೇನೆ. ಆ ನೆನಪಿಗೆ ಕೈ ಬಡಿತ ಮೆತ್ತಗಾಯಿತು, ನೀರನ್ನು ಹೊಡೆಯುವ ಬದಲು ಸರಿಸಿದೆ. ಮೆತ್ತಗೆ ಈಜಿದರೆ ವೇಗ ಕಡಿಮೆಯಾಗಬೇಕಿತ್ತು. ದಂಡೆಗೆ ಬಂದು ಗಡಿಯಾರ ನೋಡಿದರೆ 48 ನಿಮಿಷದ ಆಸುಪಾಸು. ಸಾಮಾಯಿಕಕ್ಕೆ ನಮ್ಮವರು ಹೇಳುವ ಒಂದು ಮುಹೂರ್ತದ ಹೊತ್ತು ಅದು.

ಸೈಕಲ್ಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಏರು, ಇಳಿವು, ಗಾಳಿ, ಕಾಕವಿ, ಚಿಕ್ಕಿ. ಕಬ್ಬಿನ ಹಂಗಾಮಿನಲ್ಲಿ ಉಗಾರದ ರಸ್ತೆಯಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಪಕ್ಕ ಸೈಕಲ್ ಹೊಡೆದವನಿಗೆ ಗಾಡಿಗಳಿಲ್ಲದ ದಾರಿಯೇ ಒಂದು ವರ. ಓಟ ಮಾತ್ರ ಬೆಂಕಿ. ಕರಾವಳಿಯ ಬಿಸಿಲಿನಲ್ಲಿ ಬೆವರು ಆರುವುದೇ ಇಲ್ಲ. ಅರ್ಧ ದಾರಿಯ ಹೊತ್ತಿಗೆ ಮೇ ತಿಂಗಳಿನ ಅದೇ ತೊಳಸು ಹೊಟ್ಟೆಯಲ್ಲಿ ಎದ್ದಿತು. ನಿಂತೆ. ಎರಡೂ ಕೈ ಮೊಣಕಾಲ ಮೇಲಿಟ್ಟು ಬಗ್ಗಿದೆ. ಅಂಗೈ ಬಿಚ್ಚಿದ ಆ ಬೊಗಸೆ ನೆನಪಾಯಿತು. ಇವತ್ತಿಗೆ ಬಂದದ್ದು ಇಷ್ಟೇ ಆದರೆ ಇಷ್ಟೇ ಎಂದು ಬಾಯಿಬಿಟ್ಟು ಹೇಳಿಕೊಂಡೆ. ಹಾಗೆ ಹೇಳಿದಾಗ ಮನಸ್ಸು ಪೂರ್ತಿ ಒಪ್ಪಲಿಲ್ಲ. ಮಹಾರಾಜರ ಮುಖದ ಶಾಂತಿ ನನಗೆ ಬಂತೆಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಸಿಟ್ಟು ಬರಲಿಲ್ಲ. ಲಿಂಬೆ ನೀರು ಕುಡಿದು ನಡೆದೆ. ಬಹಳ ದೂರ ನಡೆದೇ ಹೋದೆ. ಹೊಟ್ಟೆ ತಿಳಿಯಾದ ಮೇಲೆ ಓಡಿದೆ.

ಎಂಟೂವರೆ ತಾಸಿನ ಗಡುವು. ಅದರೊಳಗೆ ಮುಗಿಸಿದೆ. ಅದೇ ದಿನ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ 8 ಗಂಟೆ 27 ನಿಮಿಷ 32 ಸೆಕೆಂಡಿನಲ್ಲಿ ಮುಗಿಸಿದರು. ಪ್ರಧಾನಿ ಮೆಚ್ಚಿ ಬರೆದರು, ಪತ್ರಿಕೆಗಳಲ್ಲಿ ಬಂತು, ನಮ್ಮೂರ ಚಹಾದಂಗಡಿಯಲ್ಲೂ ಆ ವಾರ ಈ ಆಟದ ದೂರ ಎಷ್ಟೆಷ್ಟೆಂದು ಬಾಯಿಪಾಠವಾಯಿತು. ಅದರಿಂದ ನನಗೆ ವಿವರಿಸುವ ಕೆಲಸ ಉಳಿಯಿತು.

ಗೆರೆ ದಾಟಿ ಪದಕ ಕೊರಳಿಗೆ ಬಿದ್ದ ಹೊತ್ತಿನ ಮನಸ್ಸನ್ನು ನಾನು ಮರೆಯಬಾರದು. ಸಂತೋಷ ಹೌದು, ಕಣ್ಣೀರೂ ಬಂತು. ನೆರಳಿಗೆ ಹೋಗಿ ಕುಳಿತು ಐದು ನಿಮಿಷ ಆಗಿರಲಿಲ್ಲ, ಒಳಗಿನಿಂದ ಒಂದು ದನಿ ಶುರು ಮಾಡಿತು. ನಡೆದ ದೂರವನ್ನೂ ಓಡಿದ್ದರೆ ಎಷ್ಟು ನಿಮಿಷ ಉಳಿಯುತ್ತಿತ್ತು, ಸೈಕಲ್ ಹೊಸದಿದ್ದರೆ ಎಷ್ಟು, ಪೂರ್ಣ ದೂರಕ್ಕೆ ತಯಾರಿ ಎಷ್ಟು ತಿಂಗಳು. ಐರನ್‌ಮ್ಯಾನಿನವರ ಘೋಷವಾಕ್ಯವೇ ಎಲ್ಲವೂ ಸಾಧ್ಯ ಎಂಬುದು. ಆ ಮಾತಿಗೆ ಎಷ್ಟೋ ಜನ ಕಾಯಿಲೆಯಿಂದ, ದುಃಖದಿಂದ ಎದ್ದು ಬಂದಿದ್ದಾರೆ. ಅದನ್ನು ಕಣ್ಣಾರೆ ಕಂಡಿದ್ದೇನೆ, ಅವರ ಮುಂದೆ ತಲೆಬಾಗುತ್ತೇನೆ. ಆದರೆ ನನ್ನೊಳಗೆ ಎದ್ದ ದನಿ ಬೇರೆ. ಅದಕ್ಕೆ ಕೊನೆಯೆಂಬುದಿಲ್ಲ ಎಂದು ಅವತ್ತು ನೆರಳಿನಲ್ಲಿ ಕುಳಿತು ಕೇಳಿಸಿಕೊಂಡೆ. ಡಾಕ್ಟರ್ ಗೆಳೆಯ ಓಡಿ ಬಂದು ಅಪ್ಪಿಕೊಂಡು "ಮುಂದಿನ ವರ್ಷ ಫುಲ್ ಮಾಡೋಣೇನೋ?" ಎಂದ. ಇಲ್ಲ, ಮಾತು ಕೊಟ್ಟಿದ್ದೇನೆ ಎಂದೆ. ಅವನು ಒತ್ತಾಯ ಮಾಡಲಿಲ್ಲ. ವೈಷ್ಣವರ ಮನೆಯವನು, ಅವನ ಅಪ್ಪ ಆಷಾಢಕ್ಕೆ ಪಂಢರಪುರಕ್ಕೆ ನಡೆಯುವವರು. ಕೊಟ್ಟ ಮಾತೆಂದರೆ ಅವನಿಗೂ ತಿಳಿಯುತ್ತದೆ.

ನವೆಂಬರ್ 1ರ ಬೆಳಿಗ್ಗೆ ಮಹಾವೀರ ನಿರ್ವಾಣದ ಲಾಡು ಏರಿಸಿ ಚಾತುರ್ಮಾಸ ಮುಗಿಯಿತು. ಕೆಲ ದಿನಕ್ಕೆ ಮಹಾರಾಜರು ವಿಹಾರ ಹೊರಟರು. ಮಂಗಸೂಳಿಯ ದಾರಿಯಲ್ಲಿ ಊರವರೆಲ್ಲ ಸ್ವಲ್ಪ ದೂರ ಕಳಿಸಲು ಹೋದೆವು. ಬರಿಗಾಲಿನ ಅವರ ನಡಿಗೆಗೆ ಬೂಟು ಹಾಕಿದ ಹುಡುಗರು ಓಡಬೇಕಾಯಿತು. ನನ್ನ ತೊಡೆ ಇನ್ನೂ ನೋಯುತ್ತಿತ್ತು, ಆದರೂ ಜೊತೆ ಬಿಡಲಿಲ್ಲ. ಸ್ಪರ್ಧೆ ಏನಾಯಿತೆಂದು ಅವರು ಕೇಳಲಿಲ್ಲ. "ರಾತ್ರಿ ಊಟದ ನಿಯಮ ನಡೆಯಿತೇ?" ಎಂದರು. ನಡೆಯಿತು ಎಂದೆ.

2025ರಲ್ಲಿ ಗೋವಾದ ಸ್ಪರ್ಧೆ ನವೆಂಬರ್ 9ಕ್ಕೆ ಬಿತ್ತು, ದೀಪಾವಳಿ ಕಳೆದ ಮೇಲೆ. ಚಾತುರ್ಮಾಸದ ನಿಯಮ ಆಗ ಇರಲಿಲ್ಲ; ನಸುಕಿನಲ್ಲಿ ಎದ್ದು ಬೇಕಾದಷ್ಟು ತಿನ್ನಬಹುದು ಎಂದು ಗೆಳೆಯ ಖುಷಿಯಿಂದ ಊಟದ ಪಟ್ಟಿಯನ್ನೇ ಬರೆದು ಕಳಿಸಿದ. ಅವ್ವನಿಗೆ ಅದನ್ನು ಓದಿ ಹೇಳಿದೆ. ಅವಳು ಅರಿವಿಯಲ್ಲಿ ನೀರು ಸೋಸುತ್ತ, "ಹ್ವಾದ ವರ್ಷ ಸೂರ್ಯ ಹುಟ್ಟಿದ ಮ್ಯಾಲೆ ತಿಂದ ಮುಗಿಸಿದಿ ಇಲ್ಲೋ?" ಎಂದು ಕೇಳಿದಳು. ಮುಗಿಸಿದ್ದೆ. ಪಟ್ಟಿಯಲ್ಲಿ ನಾಲ್ಕು ಗಂಟೆಯ ತಿಂಡಿಗೆ ಗೀಟು ಹಾಕಿ, ಮುಂದಿನದೆಲ್ಲ ಹಾಗೇ ಇಟ್ಟುಕೊಂಡೆ.